ಕಾಯಿಲೆ ಬಂದು ಹೋದ ಮೇಲೂ ಲಸಿಕೆ ಯಾಕೆ?

ಧನುರ್ವಾಯುವಿನಿಂದ ಗುಣವಾದವರಿಗೂ ನಾವು ಧನುರ್ವಾಯು ಲಸಿಕೆ ಹಾಕುತ್ತೇವೆ. "ಕಾಯಿಲೆ ಬಂದು ಹೋಯ್ತಲ್ಲ ಡಾಕ್ಟ್ರೇ, ಇನ್ನು ಯಾಕೆ?" ಎಂದು ಮನೆಯವರು ಕೇಳುತ್ತಾರೆ. ದಡಾರ ಒಮ್ಮೆ ಬಂದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ, ಅಲ್ವಾ? ಹಾಗಾಗಿ ಪ್ರಶ್ನೆ ಸರಿಯಾಗಿಯೇ ಇದೆ.

ಧನುರ್ವಾಯುವಿನಲ್ಲಿ ತೊಂದರೆ ಕೊಡುವುದು ಬ್ಯಾಕ್ಟೀರಿಯಾ ಬಿಡುವ ವಿಷ. ದವಡೆ ಕಚ್ಚಿಕೊಳ್ಳಲು, ಬೆನ್ನು ಬಿಲ್ಲಿನಂತೆ ಬಾಗಲು ಅದು ತೀರಾ ಸ್ವಲ್ಪ ಇದ್ದರೂ ಸಾಕು. ಆದರೆ ಮೈ ಅದರ ಗುರುತು ಹಿಡಿದು ನೆನಪಿಟ್ಟುಕೊಳ್ಳಲು ಅಷ್ಟು ಸಾಲದು. ಲಸಿಕೆಯಲ್ಲಿ ಅದೇ ವಿಷದ ಕೆಡುಕನ್ನು ತೆಗೆದು, ಮೈಗೆ ಗೊತ್ತಾಗುವಷ್ಟು ಕೊಡುತ್ತೇವೆ. ಇದೇ ಟಾಕ್ಸಾಯ್ಡ್.

ಈ ನೆನಪು ಉಳಿಯುವುದು ಹೇಗೆ? ನಮ್ಮ ರಕ್ತದಲ್ಲಿ ಬಿ ಕೋಶ ಎಂಬ ಒಂದು ಬಗೆಯ ಬಿಳಿ ರಕ್ತಕಣಗಳಿವೆ, ಒಂದೊಂದು ಬಿ ಕೋಶವೂ ಒಂದೊಂದು ಆಕಾರವನ್ನಷ್ಟೇ ಗುರುತಿಸಬಲ್ಲದು. ಲಸಿಕೆ ಒಳಗೆ ಹೋದಾಗ ಅದಕ್ಕೆ ಹೊಂದುವ ಕೆಲವೇ ಕೋಶಗಳು ಎಚ್ಚೆತ್ತು, ಒಂದಕ್ಕೆ ನೂರಾಗಿ ಬೆಳೆದು ಪ್ರತಿಕಾಯ, ಅಂದರೆ ವಿಷವನ್ನೋ ರೋಗಾಣುವನ್ನೋ ಹಿಡಿದು ತಡೆಯುವ ಪ್ರೋಟೀನ್, ತಯಾರಿಸುತ್ತವೆ. ಮೊದಲ ಸಲ ಇದಕ್ಕೆ ಒಂದೆರಡು ವಾರ ಬೇಕು. ಕೆಲಸ ಮುಗಿದ ಮೇಲೆ ಹೆಚ್ಚಿನವು ಸಾಯುತ್ತವೆ, ಕೆಲವು ಮಾತ್ರ ನೆನಪಿನ ಕೋಶಗಳಾಗಿ ಉಳಿಯುತ್ತವೆ. ಮುಂದಿನ ಡೋಸ್ ಅವನ್ನೇ ಎಬ್ಬಿಸುತ್ತದೆ. ಆಗ ಕೆಲವೇ ದಿನಗಳಲ್ಲಿ ಜಾಸ್ತಿ ಪ್ರತಿಕಾಯ, ಅದೂ ಗಟ್ಟಿ ಹಿಡಿತದ್ದು, ಸಿಗುತ್ತದೆ.

ದಡಾರದ ಲಸಿಕೆ ಬೇರೆ ಜಾತಿ. ಅದರಲ್ಲಿರುವುದು ಬಲ ಕುಗ್ಗಿಸಿದ ಜೀವಂತ ವೈರಸ್. ಅದು ಮೈಯೊಳಗೆ ಸ್ವಲ್ಪ ಬೆಳೆಯುವುದರಿಂದ ನೆನಪು ಆಳವಾಗಿ ಕೂರುತ್ತದೆ. ವೈರಸ್ ಜೀವಂತ ಇರುವುದರಿಂದಲೇ ಬಸುರಿಯರಿಗೆ, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ ಇದನ್ನು ಕೊಡುವುದಿಲ್ಲ. ದಡಾರದ ನೆನಪು ಎಷ್ಟು ಕಾಲ ಉಳಿಯುತ್ತದೆ ಗೊತ್ತಾ? 1846ರಲ್ಲಿ ಫೆರೋ ದ್ವೀಪಗಳಲ್ಲಿ ದಡಾರ ಹಬ್ಬಿದಾಗ, 1781ರಲ್ಲಿ ಅದು ಬಂದು ಹೋಗಿದ್ದ ಮುದುಕರಿಗೆ ಮತ್ತೆ ಅಂಟಲಿಲ್ಲ ಎಂದು ವೈದ್ಯ ಪೀಟರ್ ಪಾನುಮ್ ಬರೆದಿಟ್ಟರು. 65 ವರ್ಷ! ಆದರೂ ಲಸಿಕೆಯ ಎರಡನೇ ಡೋಸ್ ಬೇಕು. ಮೊದಲನೆಯದು ಕೆಲವು ಮಕ್ಕಳಿಗೆ ಹಿಡಿಯುವುದಿಲ್ಲ, ಆ ಮಕ್ಕಳು ಯಾರು ಎಂದು ನೋಡಿ ಹೇಳಲಾಗದು.

ಪೋಲಿಯೋ ಚುಚ್ಚುಮದ್ದು, ರೇಬೀಸ್ ಲಸಿಕೆಗಳಲ್ಲಿರುವುದು ಸತ್ತ ವೈರಸ್. ಒಳಗೆ ಬೆಳೆಯುವುದಿಲ್ಲವಲ್ಲ, ಹಾಗಾಗಿ ಡೋಸ್‌ಗಳು ಜಾಸ್ತಿ.

ನಾಯಿ ಕಚ್ಚಿ ರಕ್ತ ಬಂದಿದ್ದರೆ, ಮೊದಲು ರೇಬೀಸ್ ಲಸಿಕೆ ಹಾಕಿಸಿರದಿದ್ದರೆ, ಲಸಿಕೆಯೊಂದೇ ಸಾಲದು. ಮೈ ತನ್ನ ಪ್ರತಿಕಾಯ ತಯಾರಿಸುವ ತನಕ ವೈರಸ್ ಕಾಯುತ್ತಾ ಕೂರುವುದಿಲ್ಲ. ಅದಕ್ಕೇ ಸಿದ್ಧ ಪ್ರತಿಕಾಯವಿರುವ ಸೀರಂ ಅನ್ನು ಗಾಯದ ಒಳಗೆ, ಸುತ್ತ ಚುಚ್ಚುತ್ತೇವೆ. ಮಗು ಚೀರುತ್ತದೆ, ಅಪ್ಪ ಮುಖ ತಿರುಗಿಸುತ್ತಾರೆ. ದಯವಿಟ್ಟು ಬೇಡ ಅನ್ನಬೇಡಿ. ಸೀರಂ ಎರವಲು ಬಲ, ಕೆಲವು ವಾರಗಳಲ್ಲಿ ಕರಗಿ ಹೋಗುತ್ತದೆ. ಅಷ್ಟರೊಳಗೆ ಮೈ ತನ್ನದನ್ನು ಕಟ್ಟಿಕೊಳ್ಳಬೇಕು. ಗಾಯ ಮಾಯಿತು ಎಂದು ಉಳಿದ ಡೋಸ್‌ಗಳನ್ನು ಸುಮ್ನೆ ಬಿಟ್ಟುಬಿಡಬೇಡಿ.