ಶೇಂಗಾ ಸಿಪ್ಪೆಗೆ ಅಣಬೆ ಹಿಡಿಸಿ ಕುರಿಗೆ ಹಾಕುವಾಗ

ಚಳ್ಳಕೆರೆ, ಪಾವಗಡ ಸೀಮೆಯಲ್ಲಿ ಶೇಂಗಾ ಸುಲಿದ ಮಿಲ್ಲುಗಳ ಹಿಂದೆ ಸಿಪ್ಪೆ ರಾಶಿ ಬೀಳುತ್ತದೆ. ಅದು ಸಾಮಾನ್ಯವಾಗಿ ಉರುವಲಿಗೆ ಹೋಗುತ್ತದೆ. ಅದೇ ಸೀಮೆಯ ಕುರಿಗೆ ಏಪ್ರಿಲ್‌ನಲ್ಲಿ ಮೇವಿಲ್ಲ. ಸಿಪ್ಪೆಯನ್ನು ಹಾಗೇ ಹಾಕಿದರೆ ಹೊಟ್ಟೆ ತುಂಬಬಹುದು, ಮೈ ಹಿಡಿಯುವುದಿಲ್ಲ. ಅದರ ಸುಮಾರು ಕಾಲು ಭಾಗ ಲಿಗ್ನಿನ್, ಅಂದರೆ ಗಿಡಮರಗಳಿಗೆ ಗಟ್ಟಿತನ ಕೊಡುವ ಅಂಶ. ಮೆಲುಕು ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಒಡೆಯಲಾರವು, ಅದರ ಹಿಂದಿರುವ ಸೆಲ್ಯುಲೋಸ್ ಎಂಬ ಜೀರ್ಣವಾಗುವ ನಾರು ಅವುಗಳ ಕೈಗೆ ಸಿಗುವುದಿಲ್ಲ. ಸಿಪ್ಪೆಯಲ್ಲಿ ಹಬ್ಬಿಸಿದ ಚಿಪ್ಪಣಬೆಯ ಬಿಳಿ ನೂಲು ಲ್ಯಾಕೇಸ್‌ನಂಥ ಕಿಣ್ವಗಳಿಂದ ಆ ಕಟ್ಟನ್ನು ಸಡಿಲಿಸುತ್ತದೆ.

ಸೂರ್ಯಕಾಂತಿ ಕಾಂಡಕ್ಕೂ ಈ ವಿಧಾನ ಹೊಂದುತ್ತದೆ. ಕಾಳು ಉದುರಿಸಿದ ಸೂರ್ಯಕಾಂತಿ ತೆನೆಗಾಗಲಿ ಹಿಂಡಿಗಾಗಲಿ ಬೇಡ. ಅವು ಮೊದಲೇ ಜೀರ್ಣವಾಗುವಂಥವು. ಕುರಿ ತಿನ್ನಬೇಕಾದದ್ದನ್ನು ಅಣಬೆ ತಿಂದುಬಿಡುತ್ತದೆ.

ಸಿಪ್ಪೆಯನ್ನು ಮೊದಲು ಜರಡಿ ಹಿಡಿಯಿರಿ. ಮಣ್ಣಿನ ಜೊತೆಗೆ ಮುರುಟಿದ ಕಾಳೂ ಹೋಗಬೇಕು, ಅಫ್ಲಾಟಾಕ್ಸಿನ್ ವಿಷ ಹೆಚ್ಚಾಗಿ ಇರುವುದು ಅಂಥ ಕಾಳಿನಲ್ಲೇ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಸಿಪ್ಪೆಯನ್ನು ತುಂಡು ಮಾಡಿ, ಪುಡಿ ಮಾಡಬೇಡಿ. ಪುಡಿ ಒತ್ತಿಕೊಂಡರೆ ಗಾಳಿಯಾಡದೆ ಹುಳಿ ವಾಸನೆ ಬರುತ್ತದೆ. ಗೋಣಿಚೀಲದಲ್ಲಿ ತುಂಬಿ, ತೇಲದಂತೆ ಮೇಲೆ ಕಲ್ಲು ಹೇರಿ, ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಬಸಿಯಿರಿ.

ತೇವವೇ ಇಲ್ಲಿ ನಿರ್ಣಾಯಕ. ಹಿಡಿಯಷ್ಟು ತೆಗೆದು ಬಿಗಿಯಾಗಿ ಹಿಂಡಿ: ಬೆರಳ ಸಂದಿಯಲ್ಲಿ ಎರಡು ಮೂರು ಹನಿ ಕಂಡರೆ ಸರಿ, ಧಾರೆ ಬಂದರೆ ಇನ್ನೂ ಆರಬೇಕು. 10 ಕಿಲೋ ಒಣ ಸಿಪ್ಪೆ ಈಗ ಹತ್ತಿರ ಹತ್ತಿರ 30 ಕಿಲೋ ತೂಗುತ್ತದೆ. ಪೂರ್ತಿ ತಣ್ಣಗಾದ ಮೇಲೆ 900 ಗ್ರಾಂ ಅಣಬೆ ಬೀಜ ಬೆರೆಸಿ, ಪಾಲಿಥಿನ್ ಚೀಲಗಳಲ್ಲಿ ತುಂಬಿ, ಸುತ್ತ ತೂತು ಹಾಕಿ, ಕತ್ತಲ ಕೋಣೆಯಲ್ಲಿಡಿ. ಬೇಗ ಹಬ್ಬಲೆಂದು ಬೂಸಾ ಬೆರೆಸುವವರಿದ್ದಾರೆ. ಅದರಿಂದ ಹಸಿರು ಬೂಷ್ಟಿಗೇ ಹೆಚ್ಚು ಅನುಕೂಲ.

ಕೋಣೆಯ ಶಾಖ 25ರಿಂದ 28 ಡಿಗ್ರಿ ಇರಬೇಕು, ಚೀಲದೊಳಗೆ ಅದಕ್ಕಿಂತ ಹೆಚ್ಚೇ ಇರುತ್ತದೆ. ಆದ್ದರಿಂದ ನವೆಂಬರ್‌ನಿಂದ ಫೆಬ್ರವರಿಯೊಳಗೆ ಮಾಡಿ, ಒಣಗಿಸಿ ಬೇಸಿಗೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಮೂರು ವಾರದ ಸುಮಾರಿಗೆ ಚೀಲ ಪೂರ್ತಿ ಬೆಳ್ಳಗಾಗಿ ಅಣಬೆಯ ಹಿತವಾದ ವಾಸನೆ ಬರುತ್ತದೆ. ಮೊಗ್ಗು ಮೂಡುವ ಮೊದಲೇ ಬಿಚ್ಚಿ ತೆಳ್ಳಗೆ ಹರಡಿ, ಗಲಗಲ ಎನ್ನುವಷ್ಟು ಒಣಗಿಸಿ. ಹಸಿರು, ಹಳದಿ, ಕಪ್ಪು ಮಚ್ಚೆ ಕಂಡ ಚೀಲವನ್ನು ಪೂರ್ತಿ ಗೊಬ್ಬರದ ಗುಂಡಿಗೆ ಹಾಕಿ. ಕೆಟ್ಟ ಭಾಗವನ್ನಷ್ಟೇ ತೆಗೆದು ಉಳಿದದ್ದನ್ನು ಉಣಿಸುವುದು ಅಪಾಯ.

ಪ್ರೋಟೀನ್ ಲೆಕ್ಕದಲ್ಲಿ ಮೋಸ ಹೋಗಬೇಡಿ. 100 ಕಿಲೋ ಸಿಪ್ಪೆಯಲ್ಲಿ 6 ಕಿಲೋ ಪ್ರೋಟೀನ್ ಇದೆ ಎನ್ನಿ. ಅಣಬೆ 20 ಕಿಲೋ ತಿಂದು ಮುಗಿಸಿದರೆ ಅದೇ 6 ಕಿಲೋ ಈಗ 80 ಕಿಲೋದಲ್ಲಿದೆ, ಅಂದರೆ ಶೇ. 7.5. ಅಂಕಿ ಏರಿತು, ಪ್ರೋಟೀನ್ ಏರಲಿಲ್ಲ. ಹಾಗಾಗಿ ಹಿಂಡಿ ನಿಲ್ಲಿಸುವಂತಿಲ್ಲ.

30 ಕಿಲೋ ತೂಕದ ಕುರಿ ದಿನಕ್ಕೆ ಸುಮಾರು 1 ಕಿಲೋ ಒಣ ಮೇವು ತಿನ್ನುತ್ತದೆ. ಅದರಲ್ಲಿ ಅಣಬೆ ಹಿಡಿಸಿದ ಸಿಪ್ಪೆ 200 ಗ್ರಾಂ ಇರಲಿ. 50 ಗ್ರಾಂನಿಂದ ಶುರುಮಾಡಿ ಹತ್ತು ದಿನದಲ್ಲಿ ಅಲ್ಲಿಗೆ ಮುಟ್ಟಿಸಿ. ಜೊತೆಗೆ ಬೇಲಿಮೆಂತೆ ಅಥವಾ ಹುರುಳಿ ಹೊಟ್ಟು, ಖನಿಜ ಮಿಶ್ರಣ ಇರಲೇಬೇಕು. ಮೂರು ತಿಂಗಳೊಳಗಿನ ಮರಿಗೂ ಈಯಲು ಹತ್ತಿರವಾದ ಕುರಿಗೂ ಕೊಡಬೇಡಿ.

ಅಣಬೆ ಬೆಳೆಗಾರರಿಂದ ಬೆಳೆದುಳಿದ ಚೀಲ ತರುವವರು ಮೊದಲು ಒಂದು ಮಾತು ಕೇಳಿ: ಚೀಲಕ್ಕೆ ತುಂಬಿದ ಹುಲ್ಲನ್ನು ಬಿಸಿನೀರಿನಲ್ಲಿ ಶುದ್ಧ ಮಾಡಿದ್ದೋ, ಬೂಷ್ಟು ಕೊಲ್ಲುವ ಔಷಧಗಳಾದ ಕಾರ್ಬೆಂಡಜಿಮ್ ಮತ್ತು ಫಾರ್ಮಲಿನ್‌ನಲ್ಲಿ ಅದ್ದಿದ್ದೋ? ಔಷಧದಲ್ಲಿ ಅದ್ದಿದ್ದಾದರೆ ಪುಕ್ಕಟೆ ಕೊಟ್ಟರೂ ಕುರಿಗೆ ಬೇಡ.