ಖಡಕ್ ಚಹಾದ ಗುಟ್ಟು ಗಿಡದ ತಳಿಯಲ್ಲಿ

ಮುಂಬಯಿಯ ಮಾಟುಂಗದಲ್ಲಿರಲಿ, ಹತ್ತಿರದ ಡೊಂಬಿವಿಲಿಯಲ್ಲಿರಲಿ, ನಮ್ಮವರ ಹೋಟೆಲುಗಳಲ್ಲಿ ಕೇಳಿಬರುವ ದೂರು ಒಂದೇ: 'ದುಬಾರಿ ಪುಡಿಯನ್ನೇ ತಂದೆವು, ಆದರೂ ಕಟಿಂಗ್ (ಅರ್ಧ ಲೋಟ ಚಹಾ) ಸಪ್ಪೆ.' ಆಮೇಲೆ ಪುಡಿ ಎರಡು ಚಮಚ ಹೆಚ್ಚಾಗುತ್ತದೆ, ಕುದಿ ಹತ್ತು ನಿಮಿಷ ಉದ್ದವಾಗುತ್ತದೆ. ಬಣ್ಣ ಕಪ್ಪೇರುತ್ತದೆ, ನಾಲಿಗೆ ಒಗರಾಗುತ್ತದೆ, ಖಡಕ್ ಮಾತ್ರ ಬರುವುದಿಲ್ಲ. ತಪ್ಪು ನಡೆದದ್ದು ಪುಡಿ ಒಲೆಯ ಹತ್ತಿರ ಬರುವ ಮೊದಲೇ, ತಳಿ ಆರಿಸುವಾಗ.

ಚಹಾ ಗಿಡದ ಜಾತಿ ಒಂದೇ, ಕಮೆಲಿಯಾ ಸೈನೆನ್ಸಿಸ್. ಅದರೊಳಗೆ ಎರಡು ದೊಡ್ಡ ವಂಶಗಳು. ಚೀನಾ ತಳಿ ಪೊದೆಯಂತೆ ಬೆಳೆಯುತ್ತದೆ, ಎಲೆ ಸಣ್ಣದು, ದಪ್ಪ, ಕಡುಹಸಿರು, ಚಳಿ ತಡೆಯುತ್ತದೆ. ಅಸ್ಸಾಂ ತಳಿಯನ್ನು ಸವರದೆ ಬಿಟ್ಟರೆ ಮರವೇ ಆಗುತ್ತದೆ. ಎಲೆ ಗೇಣುದ್ದ, ತೆಳುಹಸಿರು, ಹೊಳಪಿನದು. ಡಾರ್ಜಿಲಿಂಗ್‌ನ ಹಳೆಯ ತೋಟಗಳಲ್ಲೂ ಕಾಂಗ್ರಾದಲ್ಲೂ ಇರುವುದು ಹೆಚ್ಚಾಗಿ ಚೀನಾ ರಕ್ತ. ನೀಲಗಿರಿಯಲ್ಲಿ ಎರಡರ ಬೆರಕೆ.

ಖಡಕ್ ಹುಟ್ಟುವುದು ಎಲೆಯಲ್ಲಿರುವ ಒಗರು ಪದಾರ್ಥಗಳಾದ ಕ್ಯಾಟೆಚಿನ್‌ಗಳಿಂದ. ಅಸ್ಸಾಂ ಚಿಗುರಿನಲ್ಲಿ ಇವು ಸಾಮಾನ್ಯವಾಗಿ ಹೆಚ್ಚು. ಎಲೆಯನ್ನು ಸಿಟಿಸಿ (ಅರೆದು, ಹರಿದು, ಸುರುಳಿ ಮಾಡುವ) ಯಂತ್ರದ ಹಲ್ಲುಗಳಲ್ಲಿ ಅರೆದಾಗ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಕ್ಯಾಟೆಚಿನ್‌ಗಳ ಮೇಲೆ ಬೀಳುತ್ತದೆ. ಎರಡು ಬಗೆಯ ಕ್ಯಾಟೆಚಿನ್ ಜೋಡಿಯಾಗಿ ಥಿಯಾಫ್ಲೇವಿನ್ ಆಗುತ್ತದೆ: ಹೊನ್ನಿನ ಬಣ್ಣ, ಚುರುಕು. ಅದೇ ಕ್ರಿಯೆ ಮುಂದುವರಿದರೆ ಥಿಯಾರುಬಿಜಿನ್: ಕಂದು ಬಣ್ಣ, ಬಾಯಿ ತುಂಬುವ ಗಟ್ಟಿತನ. ಹಾಲಿನ ಕೇಸೀನ್ ಎಂಬ ಪ್ರೋಟೀನು ಇವನ್ನು ಹಿಡಿದುಕೊಂಡು ಒಗರನ್ನು ತಗ್ಗಿಸುತ್ತದೆ. ಹಿಡಿದ ಮೇಲೂ ಉಳಿಯುವಷ್ಟು ಸರಕಿದ್ದರೆ ಚಹಾ ಕಿತ್ತಳೆ ಛಾಯೆಗೆ ತಿರುಗುತ್ತದೆ, ಇಲ್ಲದಿದ್ದರೆ ಬೂದಿಗಂದು. ಉದ್ದಕ್ಕೆ ಕುದಿಸಿದಾಗ ಇಳಿಯುವುದು ಕಂದೇ. ಹೊನ್ನು ಬಿಸಿಯಲ್ಲಿ ಒಡೆದು ಹಾಳಾಗುತ್ತದೆ.

ಖಡಕ್ ಎಂದರೆ ಕೆಫೀನ್ ಎಂಬ ನಂಬಿಕೆಯನ್ನು ಬಿಡಬೇಕು. ಎರಡೂ ತಳಿಗಳ ಒಣ ಎಲೆಯಲ್ಲಿ ಅದು ಸುಮಾರು 2ರಿಂದ 4 ಶೇಕಡಾ.

ಚೀನಾ ತಳಿಯ ಬಲ ಪರಿಮಳ. ಅದರಲ್ಲಿ ಗುಲಾಬಿ ವಾಸನೆಯ ಜೆರಾನಿಯಾಲ್ ಮುಂದು, ಅಸ್ಸಾಮಿನಲ್ಲಿ ಲಿನಲೂಲ್ ಎಂಬ ಇನ್ನೊಂದು ಹೂವಾಸನೆ. ಬೇರಿನಲ್ಲಿ ತಯಾರಾಗಿ ಚಿಗುರಿಗೆ ಏರುವ ಥಿಯಾನಿನ್ ಎಂಬ ಅಮೈನೋ ಆಮ್ಲ ನಾಲಿಗೆಗೆ ಮೃದುತನ ಕೊಡುತ್ತದೆ. ಬಿಸಿಲು ಹೆಚ್ಚಾದಷ್ಟೂ ಅದು ಒಡೆದು ಕ್ಯಾಟೆಚಿನ್ ಕಡೆಗೆ ಸಾಗುತ್ತದೆ. ಇಂಥ ಪರಿಮಳದ ಎಲೆಯನ್ನು ಹಾಲು, ಶುಂಠಿ, ಸಕ್ಕರೆಯ ಜೊತೆ ಕುದಿಸುವುದು ದುಡ್ಡು ಸುಟ್ಟಂತೆ.

ತಳಿಯ ಹೆಸರೊಂದನ್ನೇ ನಂಬಿದರೂ ಸಾಲದು. ಚಹಾ ತನ್ನದೇ ಪರಾಗಕ್ಕೆ ಸರಿಯಾಗಿ ಕಾಯಿ ಕಟ್ಟುವುದಿಲ್ಲ, ಹಾಗಾಗಿ ಬೀಜದಿಂದ ಬಂದ ಪ್ರತಿ ಗಿಡವೂ ಬೇರೆ. ಈ ಕಾರಣಕ್ಕೇ ತೋಟಗಳು ಎಲೆತುಂಡು ನೆಟ್ಟು ಕ್ಲೋನ್ (ತಾಯಿ ಗಿಡದ ತದ್ರೂಪ) ಬೆಳೆಸುತ್ತವೆ: ಅಸ್ಸಾಮಿನ ಚಹಾ ಸಂಶೋಧನಾ ಕೇಂದ್ರವಾದ ಟೊಕ್ಲಾಯ್‌ನ ಟಿವಿ ಸಾಲು, ದಕ್ಷಿಣದಲ್ಲಿ ತೋಟಗಾರರ ಸಂಘವಾದ ಉಪಾಸಿಯ ಸಾಲು.

ಆದ್ದರಿಂದ ಮೂಟೆ ಕೊಳ್ಳುವ ಮೊದಲು ಪರೀಕ್ಷಿಸಿ. 2.8 ಗ್ರಾಂ ಪುಡಿ, 140 ಮಿಲಿ ಕುದಿವ ನೀರು, ಮುಚ್ಚಿ ಸರಿಯಾಗಿ 6 ನಿಮಿಷ, ಸೋಸಿ. ಪ್ರತಿ ಮಾದರಿಗೂ ತೂಕ, ಸಮಯ ಒಂದೇ ಇರಲಿ. ಅಂದಾಜಿನ ಚಮಚ ಬೇಡ, ದಪ್ಪ ಕಾಳು ಮತ್ತು ಡಸ್ಟ್ (ನುಣ್ಣನೆ ಪುಡಿ) ಚಮಚದಲ್ಲಿ ಬೇರೆ ಬೇರೆ ತೂಗುತ್ತವೆ. ಅರ್ಧಕ್ಕೆ ಸ್ವಲ್ಪ ಹಾಲು ಹಾಕಿ ಬಣ್ಣ ನೋಡಿ. ಉಳಿದರ್ಧವನ್ನು ಗಾಜಿನ ಲೋಟದಲ್ಲಿ ಆರಲು ಬಿಡಿ. ತಿಳಿಯಾಗಿದ್ದದ್ದು ತಣ್ಣಗಾದಂತೆ ಮಸುಕಾಗಿ ಕೆನೆಗಟ್ಟಿದರೆ ಥಿಯಾಫ್ಲೇವಿನ್ ಕೆಫೀನಿನೊಡನೆ ಕೂಡಿಕೊಂಡಿದೆ ಎಂದರ್ಥ, ಒಳ್ಳೆಯ ಲಕ್ಷಣ. ಬಿಸಿ ಮಾಡಿದರೆ ಮತ್ತೆ ತಿಳಿಯಾಗುತ್ತದೆ. ಒದ್ದೆ ಫಿಲ್ಟರ್ ಕಾಗದದ ಮೇಲೆ ಉದುರಿಸಿದ ಪುಡಿ ಕೂಡಲೇ ಬಣ್ಣದ ಚುಕ್ಕೆ ಬಿಟ್ಟರೆ ಆ ಬಣ್ಣ ಎಲೆಯದಲ್ಲ, ಕೊಳ್ಳಬೇಡಿ.

ಪರಿಮಳವೂ ಬೇಕೆನ್ನುವವರು ಮೂರು ಪಾಲು ಅಸ್ಸಾಂ ಸಿಟಿಸಿಗೆ ಒಂದು ಪಾಲು ನೀಲಗಿರಿ ಎಲೆ ಇಟ್ಟುಕೊಳ್ಳಲಿ. ಸಿಟಿಸಿಯನ್ನು ಮೂರು ನಿಮಿಷ ಕುದಿಸಿ, ಗ್ಯಾಸ್ ಆರಿಸಿ, ಆಮೇಲೆ ಎಲೆ ಹಾಕಿ ಮುಚ್ಚಿ. ಪರೀಕ್ಷೆಯನ್ನು ಅಂಗಡಿಯ ನೀರಿನಲ್ಲೇ ಮಾಡಿ. ಮುಂಬಯಿಯ ಕೆರೆ ನೀರು ಮೆದು; ಬೋರ್‌ವೆಲ್ ಟ್ಯಾಂಕರಿನ ಗಡಸು ನೀರಿನಲ್ಲಿ ಅದೇ ಪುಡಿ ಮಂಕಾಗುತ್ತದೆ, ಮೇಲೆ ತೆಳ್ಳನೆ ಪೊರೆ ಕಟ್ಟುತ್ತದೆ.