ವ್ಯಾನಿನ ಸಿಂಕಿಗೆ ಮನೆಯ ನಲ್ಲಿ ಹಾಕುವ ಮುಂಚೆ

ರಜೆ ಬಂತೆಂದರೆ ಮಡಿಕೇರಿ, ಕುಶಾಲನಗರದ ಕಡೆ ಈಗ ಕ್ಯಾಂಪರ್ ವ್ಯಾನುಗಳು ಆಗಾಗ ಕಾಣುತ್ತವೆ. ಗಾಡಿಯೊಳಗೇ ಹಾಸಿಗೆ, ಒಲೆ, ಸಿಂಕು. ಆ ಸಿಂಕಿನ ನಲ್ಲಿ ಸೋರತೊಡಗಿದರೆ ನನ್ನಂಥ ಪ್ಲಂಬರ್‌ಗೆ ಫೋನು ಬರುತ್ತದೆ. ಹೋಗಿ ನೋಡಿದರೆ, ಅಂಗಡಿಯಿಂದ ಹೊಳೆಯುವ ಹಿತ್ತಾಳೆ ನಲ್ಲಿ ಆಗಲೇ ಬಂದು ಕೂತಿರುತ್ತದೆ. "ಅಣ್ಣಾ, ಇದನ್ನು ಫಿಟ್ ಮಾಡಿ ಕೊಟ್ಟರೆ ಸಾಕು" ಅಂತಾರೆ.

ಮೊದಲು ಟಾರ್ಚ್ ಹಿಡಿದು ಸಿಂಕಿನ ಕೆಳಗೆ ನೋಡಬೇಕು. ಹಳೇ ನಲ್ಲಿಯ ಬುಡದಿಂದ ಎರಡು ಸಣ್ಣ ವೈರು ಇಳಿದಿವೆಯಾ? ಇದ್ದರೆ ಆ ನಲ್ಲಿಯೊಳಗೆ ಪಂಪಿನ ಸ್ವಿಚ್ ಇದೆ ಅಂತ ಅರ್ಥ. ನಲ್ಲಿ ತಿರುಗಿಸಿದಾಗ ಸ್ವಿಚ್ ಕೂಡಿಕೊಂಡು, ತೊಟ್ಟಿಯಲ್ಲಿ ಮುಳುಗಿರುವ 12 ವೋಲ್ಟಿನ ಪಂಪು ಓಡುತ್ತದೆ. ಹೊರದೇಶದ ಮಾದರಿಯ ಗಾಡಿಗಳಲ್ಲಿ ಇದು ಮಾಮೂಲು. ಇಂಥ ಕಡೆ ಮನೆಯ ನಲ್ಲಿ ಹಾಕಿದರೆ ಒಂದು ಹನಿ ನೀರೂ ಬರುವುದಿಲ್ಲ. ಕೆಲವರು ಆ ಎರಡು ವೈರನ್ನು ಸುಮ್ನೆ ಜೋಡಿಸಿ ಟೇಪು ಸುತ್ತಿಬಿಡುತ್ತಾರೆ. ಆಗ ನಲ್ಲಿ ಮುಚ್ಚಿದ್ದರೂ ಪಂಪು ಓಡುತ್ತಲೇ ಇರುತ್ತದೆ. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ, ಪಂಪೂ ಸುಟ್ಟಿರಬಹುದು. ಸ್ವಿಚ್ ಇರುವ ನಲ್ಲಿಯನ್ನೇ ತರಿಸಿ, ಕಾಯಬೇಕಾದರೂ ಪರವಾಗಿಲ್ಲ.

ವೈರು ಇಲ್ಲದಿದ್ದರೆ ಕೆಲಸ ಸಲೀಸು. ಅಲ್ಲಿರುವ ಪಂಪು ಒತ್ತಡ ನೋಡಿ ತಾನೇ ಆನ್ ಆಗಿ, ತಾನೇ ನಿಲ್ಲುವಂಥದು. ಮನೆಯ ನಲ್ಲಿ ನಡೆಯುತ್ತದೆ, ಆದರೆ ಭಾರ ನೋಡಿಕೊಳ್ಳಿ. ವ್ಯಾನಿನ ಸಿಂಕಿನ ತಗಡು ತೆಳು. ಎತ್ತರದ ಹಿತ್ತಾಳೆ ನಲ್ಲಿಯನ್ನು ಅದರ ಮೇಲೆ ಕೂರಿಸಿ ಸಂಪಾಜೆ ಘಾಟಿ ಇಳಿದರೆ, ತಿರುವು ತಿರುವಿಗೂ ಅದು ತೊನೆದಾಡಿ ನಟ್ಟು ಸಡಿಲವಾಗುತ್ತದೆ. ಗಿಡ್ಡ, ಹಗುರ ನಲ್ಲಿ ಸಾಕು. ಭಾರದ್ದೇ ಬೇಕೆಂದರೆ ತಗಡಿನ ಕೆಳಗೆ ಮರೈನ್ ಪ್ಲೈವುಡ್ಡಿನ ತುಂಡು ಕೊಟ್ಟು ಬಿಗಿಯಬೇಕು.

ಬಿಚ್ಚುವ ಮುಂಚೆ ಪಂಪಿನ ಕರೆಂಟು ಆಫ್ ಮಾಡಿ, ಗಾಡಿಗೆ ಹೊರಗಿನಿಂದ ನೀರಿನ ಹೋಸ್ ಪೈಪು ಸಿಕ್ಕಿಸಿದ್ದರೆ ಕಿತ್ತು, ನಲ್ಲಿ ತೆರೆದಿಡಿ. ಪಂಪು ನಿಂತರೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಅದು ಇಳಿಯದೆ ನಟ್ಟು ತಿರುಗಿಸಿದರೆ ಮುಖಕ್ಕೇ ನೀರು. ಪ್ಲಾಸ್ಟಿಕ್ ನಟ್ಟುಗಳನ್ನು ಕೈಯಲ್ಲೇ ಬಿಗಿಯಿರಿ, ಪಾನಾ ಹಾಕಿದರೆ ಸೀಳುತ್ತವೆ. ಕನೆಕ್ಷನ್ ಪೈಪಿನ ತುದಿಯಲ್ಲಿ ರಬ್ಬರ್ ವಾಷರ್ ಇದ್ದರೆ ಟೆಫ್ಲಾನ್ ಟೇಪು ಬೇಡವೇ ಬೇಡ. ನೀರು ತಡೆಯುವುದು ವಾಷರ್, ಟೇಪು ಅದನ್ನು ಸರಿಯಾಗಿ ಕೂರಲು ಬಿಡುವುದಿಲ್ಲ. ಕಂಡಲ್ಲೆಲ್ಲ ಟೇಪು ಸುತ್ತುವ ಚಟ ನಮ್ಮವರಿಗೆ ಜಾಸ್ತಿ.

ತಾನೇ ನಿಲ್ಲುವ ಪಂಪಾದರೆ ಲೀಕು ಹಿಡಿಯಲು ಕಿವಿ ಸಾಕು. ನಲ್ಲಿ ಮುಚ್ಚಿ ಪಂಪು ಆನ್ ಮಾಡಿ. ಸ್ವಲ್ಪ ಗುರ್ ಅಂದು ನಿಲ್ಲಬೇಕು. ಯಾರೂ ನೀರು ಬಿಡದೆಯೇ ಆಗಾಗ ಟರ್ರ್ ಅನ್ನುತ್ತಿದ್ದರೆ ಒತ್ತಡ ಎಲ್ಲೋ ಇಳಿಯುತ್ತಿದೆ. ಜಾಯಿಂಟಿಗೆ ಒಣ ಟಿಶ್ಯೂ ಸುತ್ತಿ ನೋಡಿ. ಅದು ಒಣಗೇ ಇದ್ದರೆ ಪಂಪಿನ ವಾಲ್ವಿನಿಂದ ನೀರು ತೊಟ್ಟಿಗೆ ವಾಪಸ್ ಹೋಗುತ್ತಿರಬಹುದು. ಘಾಟಿ ಹತ್ತಿಳಿದ ಮೇಲೆ ಜಾಯಿಂಟುಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿ. ನಮ್ಮ ಮಳೆಗಾಲದಲ್ಲಿ ಸಿಂಕಿನ ಕೆಳಗಿನ ಪ್ಲೈವುಡ್ ಒಮ್ಮೆ ನೆನೆದರೆ ಒಣಗುವ ಮಾತೇ ಇಲ್ಲ, ಉಬ್ಬಿ ಬೂಷ್ಟು ಹಿಡಿಯುತ್ತದೆ.

ಮನೆಯ ನಲ್ಲಿ ಹಾಕಿದರೆ ನೀರಿನ ಲೆಕ್ಕವೂ ಬದಲಾಗುತ್ತದೆ. ನಿಮಿಷಕ್ಕೆ 8 ಲೀಟರ್ ಬಿಟ್ಟರೆ 80 ಲೀಟರಿನ ತೊಟ್ಟಿ 10 ನಿಮಿಷಕ್ಕೆ ಖಾಲಿ. ನೀರು ಕಡಿಮೆ ಬಿಡುವ ಜಾಲರಿ ಸಿಗುತ್ತದೆ, ನಲ್ಲಿಯ ಬಾಯಿಗೆ ಅದನ್ನು ಹಾಕಿಸಿ.

ಹೊಸ ನಲ್ಲಿ ಹಾಕಿಸಿಕೊಂಡು ಹೋಮ್‌ಸ್ಟೇಗೆ ಹೋದವರು ಮಾಡುವ ಇನ್ನೊಂದು ಕೆಲಸವಿದೆ. ತೋಟದ ನೀರಿನ ಪೈಪನ್ನು ನೇರ ಗಾಡಿಯ ಲೈನಿಗೇ ಸಿಕ್ಕಿಸುತ್ತಾರೆ. ಇಲ್ಲಿ ಎಷ್ಟೋ ಕಾಫಿ ತೋಟಗಳಲ್ಲಿ ನೀರಿನ ಟ್ಯಾಂಕು ಗುಡ್ಡದ ಮೇಲಿರುತ್ತದೆ. 10 ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ. ಟ್ಯಾಂಕು 50 ಮೀಟರ್ ಮೇಲಿದ್ದರೆ 5 ಬಾರ್. ಗಾಡಿಯ ಪಂಪು ಸಾಮಾನ್ಯವಾಗಿ 3 ಬಾರ್ ಆಸುಪಾಸಿನಲ್ಲೇ ನಿಲ್ಲುವಂಥದು. ಮಧ್ಯೆ ಒತ್ತಡ ಇಳಿಸುವ ವಾಲ್ವ್ ಇಲ್ಲದಿದ್ದರೆ ಲೈನಿಗೆ ಕೊಡಲೇಬೇಡಿ. ಗಾಡಿಯ ತೊಟ್ಟಿಗೆ ಮೇಲಿಂದ ನೀರು ಬಿಡಿ. ಮಳೆಗಾಲವಾದರೆ ಪೈಪಿನ ಬಾಯಿಗೆ ಬಟ್ಟೆ ಕಟ್ಟಿ, ಕೆಂಪು ಮಣ್ಣು ಬರುತ್ತದೆ. ತುಂಬಿದ ಮೇಲೆ ಪೈಪು ಎತ್ತಿಡಿ.